ಜುಲೈ ಬೆಳಿಗ್ಗೆ ಎಂಜಿನ್ ನಡುಗಿತು: ಜಕ್ಕೂರಿನಲ್ಲಿ ಹಾರಲು ಕಲಿಯುತ್ತಿರುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ಪಿಪಿಎಲ್‌ಗೆ, ಅಂದರೆ ಖಾಸಗಿ ಪೈಲಟ್ ಲೈಸೆನ್ಸ್‌ಗೆ, ಕಲಿಯುತ್ತಿದ್ದೇನೆ. ಜುಲೈನಲ್ಲಿ ಒಂದು ಬೆಳಿಗ್ಗೆ ಇನ್‌ಸ್ಟ್ರಕ್ಟರ್ ಜೊತೆ ಹಳೆಯ ಸೆಸ್ನಾ 172ರಲ್ಲಿ ದೊಡ್ಡಬಳ್ಳಾಪುರದ ಕಡೆಯಿಂದ ವಾಪಸ್ ಬರುತ್ತಿದ್ದೆ. ಮೋಡ ಇತ್ತು, ಹೊರಗೆ 18 ಡಿಗ್ರಿ. ಪವರ್ ತೆಗೆದು ಇಳಿಯುತ್ತಿದ್ದಾಗ ಆರ್‌ಪಿಎಂ ತಾನಾಗಿಯೇ ಕುಸಿಯಿತು, ಎಂಜಿನ್ ಗಡಗಡ ಅನ್ನತೊಡಗಿತು. ಇನ್‌ಸ್ಟ್ರಕ್ಟರ್ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ನಾಬ್) ಎಳೆದರು. ನಡುಕ ಇನ್ನೂ ಜಾಸ್ತಿಯಾಯಿತು! ಗಾಬರಿಯಾಗಿ ಅದನ್ನು ಒಳಗೆ ತಳ್ಳಲು ಹೋದೆ, ಅವರು ಕೈ ತಡೆದರು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಇನ್ನು ಕೆಲವೇ ದಿನಗಳಲ್ಲಿ ನನ್ನ ಸೋಲೋ. ಒಬ್ಬನೇ ಇದ್ದಾಗ ಎಂಜಿನ್ ಕೈಕೊಟ್ಟರೆ ಮೊದಲು ಏನು ಮಾಡಲಿ? ಟೇಕಾಫ್ ಆದ ತಕ್ಷಣ ಕೈಕೊಟ್ಟರೆ? ಊರೆಲ್ಲ ಕಟ್ಟಡ, ಎಲ್ಲಿ ಇಳಿಸೋದು?

ಉತ್ತರ:

ನಿಮ್ಮ ಎಂಜಿನ್‌ಗೆ ರೋಗ ಏನೂ ಇರಲಿಲ್ಲ. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನ ಗಂಟಲಲ್ಲಿ ಐಸ್ ಕಟ್ಟಿತ್ತು, ಅಷ್ಟೇ. ಬೆಂಗಳೂರಿನಲ್ಲಿ ಐಸ್ ಎಲ್ಲಿಂದ ಬಂತು ಅಂತ ನಗಬೇಡಿ. ಇದಕ್ಕೆ ಹೇಳಿ ಮಾಡಿಸಿದ ಊರು ನಮ್ಮದು.

ಕಾರ್ಬ್ಯುರೇಟರ್‌ನ ಒಳಗೆ ಗಾಳಿ ಒಂದು ಕಿರಿದಾದ ದಾರಿಯಲ್ಲಿ ನುಗ್ಗುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಅದೇ ಜಾಗದಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಎರಡೂ ಸೇರಿ ಗಾಳಿಯನ್ನು 30 ಡಿಗ್ರಿಗೂ ಜಾಸ್ತಿ ತಣ್ಣಗಾಗಿಸಬಲ್ಲವು. ಮದುವೆ ಮನೆಯಲ್ಲಿ ದೊಡ್ಡ ಒಲೆ ಗಂಟೆಗಟ್ಟಲೆ ಉರಿದಾಗ ಗ್ಯಾಸ್ ಸಿಲಿಂಡರ್ ಮೈಯೆಲ್ಲ ತಣ್ಣಗಾಗಿ ಬೆವರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಗಾಳಿಯಲ್ಲಿ ತೇವ ಇದ್ದರೆ ಅದು ಥ್ರಾಟಲ್ ತಟ್ಟೆಯ (ಪವರ್ ಹೆಚ್ಚುಕಡಿಮೆ ಮಾಡಲು ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ಸುತ್ತ ಗಟ್ಟಿಯಾಗಿ ಕೂರುತ್ತದೆ. ಎಂಜಿನ್‌ಗೆ ಉಸಿರು ಕಟ್ಟುತ್ತದೆ.

ಹೊರಗೆ 21 ಡಿಗ್ರಿಗಿಂತ ಕಡಿಮೆ, ತೇವಾಂಶ 80 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಅಪಾಯ ಅತಿ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೆಳಗಿನ ಹವೆ ಇದೇ ತಾನೇ? ಹಿಮ ಬೀಳುವ ದೇಶಗಳಲ್ಲಿ ಗಾಳಿ ಎಷ್ಟೋ ಸಲ ಒಣಗಿರುತ್ತದೆ, ಅಲ್ಲಿ ಈ ಕಾಟ ಕಡಿಮೆ. ಇನ್ನೂ ಬಿಸಿ ಹವೆಯಲ್ಲೂ, 38 ಡಿಗ್ರಿವರೆಗೂ, ತೇವ ಇದ್ದರೆ ಐಸ್ ಕಟ್ಟಬಹುದು. ಹಾಗಾಗಿ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ ಇಲ್ಲ ಅಂತ ಸುಮ್ನೆ ಕೂರಬೇಡಿ.

ಇಳಿಯುವಾಗಲೇ ಏಕೆ ಆಯಿತು? ಥ್ರಾಟಲ್ ಮುಚ್ಚಿದಷ್ಟೂ ಆ ತಟ್ಟೆಯ ಪಕ್ಕದ ಸಂದು ಕಿರಿದಾಗುತ್ತದೆ. ತಂಪು ಅಲ್ಲೇ ಹೆಚ್ಚುತ್ತದೆ, ಮುಚ್ಚಿಹೋಗಲು ಚೂರು ಐಸ್ ಸಾಕು. ಕಾರ್ಬ್ ಹೀಟ್‌ಗೆ ಬಿಸಿ ಬರುವುದು ಸೈಲೆನ್ಸರ್ ಸುತ್ತಲಿನ ಗಾಳಿಯಿಂದ. ಪವರ್ ತೆಗೆದು ಸ್ವಲ್ಪ ಹೊತ್ತಾದರೆ ಆ ಬಿಸಿಯೂ ಹೋಗಿಬಿಟ್ಟಿರುತ್ತದೆ. ಅದಕ್ಕೇ ಕಾರ್ಬ್ ಹೀಟ್ ಮೊದಲು, ಥ್ರಾಟಲ್ ಆಮೇಲೆ. ಈ ಕ್ರಮ ತಪ್ಪಬಾರದು.

ಇನ್ನು ನಡುಕ ಜಾಸ್ತಿಯಾದದ್ದು. ಬಿಸಿ ಗಾಳಿ ಬಂದ ಕೂಡಲೇ ಐಸ್ ಕರಗಿತು, ನೀರು ಎಂಜಿನ್ನೊಳಗೆ ಹೋಯಿತು. ಬಿಸಿ ಗಾಳಿ ತೆಳು ಆದ್ದರಿಂದ ಪೆಟ್ರೋಲ್‌ನ ಪ್ರಮಾಣವೂ ಹೆಚ್ಚಾಯಿತು. ನಡುಕ ಬಂತು ಅಂದರೆ ಮದ್ದು ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಅದೇ ಹೊತ್ತಿಗೆ ನಿಮ್ಮ ಹಾಗೆ ಗಾಬರಿಯಾಗಿ ವಾಪಸ್ ತಳ್ಳಿದವರು ಐಸ್ ಮತ್ತೆ ಕಟ್ಟಲು ಬಿಟ್ಟು ಎಂಜಿನ್ ಕಳೆದುಕೊಂಡಿದ್ದಾರೆ. ಪೂರ್ತಿ ಎಳೆಯಿರಿ, ಹಾಗೇ ಎಳೆದಿಡಿ, ಕಾಯಿರಿ. ಅರ್ಧ ಎಳೆಯುವುದು ಇನ್ನೂ ಕೆಟ್ಟದು. ತೀರಾ ತಣ್ಣಗಿದ್ದು ಒಣ ಹರಳಾಗಿ ಹಾರಿಹೋಗಬೇಕಿದ್ದ ತೇವ ಅರೆ ಬಿಸಿಯಿಂದ ಸರಿಯಾಗಿ ಸೊನ್ನೆ ಡಿಗ್ರಿಗೆ ಬಂದು ಕೂರಬಹುದು. ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡಬೇಕಾದರೆ ಮಾತ್ರ ಒಳಗೆ ತಳ್ಳಿ, ಏಕೆಂದರೆ ಬಿಸಿ ಗಾಳಿಯಲ್ಲಿ ಪವರ್ ಕಡಿಮೆ. ನೆಲದ ಮೇಲೆ ಓಡಾಡುವಾಗ ಸುಮ್ಮನೆ ತೆರೆದಿಡಬೇಡಿ. ಆ ಗಾಳಿ ಫಿಲ್ಟರ್ ಮೂಲಕ ಬರುವುದಿಲ್ಲ, ಧೂಳು ನೇರ ಸಿಲಿಂಡರ್‌ಗೆ ಹೋಗುತ್ತದೆ.

ಹೊಸ 172ಆರ್, 172ಎಸ್ ವಿಮಾನಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ, ಕಾರ್ಬ್ಯುರೇಟರೇ ಇಲ್ಲ. ಅದರಲ್ಲಿ ಹಾರಿ ಅಭ್ಯಾಸವಾದ ಮೇಲೆ ಹಳೆಯದಕ್ಕೆ ಬಂದವರ ಕೈ ಆ ನಾಬ್ ಕಡೆ ಹೋಗುವುದೇ ಇಲ್ಲ. ನಿಮ್ಮ ಕ್ಲಬ್‌ನಲ್ಲಿ ಎರಡೂ ಬಗೆ ಇದ್ದರೆ ಹುಷಾರು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಒಬ್ಬರೇ ಇದ್ದೀರಿ, ಎಂಜಿನ್ ನಿಂತಿತು. ಮೊದಲು ಏನು?

ಮೊದಲು ವಿಮಾನದ ಮೂತಿ. ಎಂಜಿನ್ ನಿಂತ ಕ್ಷಣ ವಿಮಾನದ ವೇಗ ಇಳಿಯತೊಡಗುತ್ತದೆ. ಎತ್ತರ ಕಳೆಯಬಾರದು ಅಂತ ಕೈ ತಾನಾಗಿಯೇ ಹಿಂದಕ್ಕೆ ಎಳೆಯುತ್ತದೆ. ಅದನ್ನು ತಡೆದು, ಮೂತಿ ಇಳಿಸಿ, ವಿಮಾನವನ್ನು ಗ್ಲೈಡ್ ವೇಗಕ್ಕೆ, ಅಂದರೆ ಎಂಜಿನ್ ಇಲ್ಲದೆ ಅತಿ ದೂರ ತೇಲುವ ವೇಗಕ್ಕೆ, ತನ್ನಿ. ಹಳೆಯ 172ರಲ್ಲಿ ಅದು 65 ನಾಟ್ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ), 172ಎಸ್‌ನಲ್ಲಿ 68, ಸಣ್ಣ ಸೆಸ್ನಾ 152ರಲ್ಲಿ 60. ವೇಗ ಬಂದ ಮೇಲೆ ಟ್ರಿಮ್ ಮಾಡಿ, ಅಂದರೆ ಕೈಬಿಟ್ಟರೂ ಅದೇ ವೇಗ ನಿಲ್ಲುವ ಹಾಗೆ ಟ್ರಿಮ್ ಚಕ್ರ ಹೊಂದಿಸಿ. ಟ್ರಿಮ್ ಮಾಡದಿದ್ದರೆ ನಿಮ್ಮ ತಲೆಯ ಅರ್ಧ ಭಾಗ ಕಂಟ್ರೋಲ್ ಹಿಡಿಯುವುದಕ್ಕೇ ಖರ್ಚಾಗುತ್ತದೆ. ಆಮೇಲೆ ಇಳಿಯುವ ಜಾಗ ಆರಿಸಿ, ಅದರ ಕಡೆ ತಿರುಗಿ. ಎಂಜಿನ್ ಮತ್ತೆ ಶುರು ಮಾಡುವ ಪ್ರಯತ್ನ ಇದರ ನಂತರ. ರೇಡಿಯೊ ಎಲ್ಲಕ್ಕಿಂತ ಕೊನೆಗೆ. ಟವರ್‌ನಲ್ಲಿರುವವರು ನಿಮ್ಮ ವಿಮಾನ ಹಾರಿಸಲಾರರು.

ಎಷ್ಟು ಹೊತ್ತು ಸಿಗುತ್ತದೆ? 172 ಗಾಳಿಯಿಲ್ಲದ ದಿನ 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ, ಅಂದರೆ 2.7 ಕಿ.ಮೀ. ತೇಲುತ್ತದೆ. ನಿಮಿಷಕ್ಕೆ 700 ಅಡಿ ಚಿಲ್ಲರೆ ಇಳಿಯುತ್ತದೆ. ನೆಲದಿಂದ 3,000 ಅಡಿ ಮೇಲಿದ್ದರೆ 8 ಕಿ.ಮೀ., ನಾಲ್ಕು ನಿಮಿಷ. ನಾಲ್ಕು ನಿಮಿಷ ಸಣ್ಣದಲ್ಲ, ಕೆಲಸ ಮಾಡುವವನಿಗೆ.

ಆದರೆ 'ನೆಲದಿಂದ' ಅನ್ನುವ ಮಾತು ಬೆಂಗಳೂರಿನಲ್ಲಿ ಬಹಳ ಮುಖ್ಯ. ಈ ಊರಿನ ನೆಲವೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಎತ್ತರ ತೋರಿಸುವ ಆಲ್ಟಿಮೀಟರ್ ಕ್ಯೂಎನ್‌ಎಚ್‌ನಲ್ಲಿದ್ದು (ಸಮುದ್ರ ಮಟ್ಟದಿಂದ ಅಳೆಯುವ ಹಾಗೆ ಹೊಂದಿಸಿದ್ದು) 5,000 ತೋರಿಸಿದರೆ ನಿಮ್ಮ ಕೈಯಲ್ಲಿರುವುದು 2,000 ಮಾತ್ರ. ನಂದಿ ಬೆಟ್ಟದ ಹತ್ತಿರವಾದರೆ ಅದೂ ಇಲ್ಲ, ಬೆಟ್ಟದ ತಲೆಯೇ 4,800 ಅಡಿ ದಾಟುತ್ತದೆ. ಕಡಲ ತೀರದಲ್ಲಿ ಕಲಿತು ಇಲ್ಲಿಗೆ ಬಂದವರು ಗಾಬರಿಯಲ್ಲಿ ಈ ಲೆಕ್ಕ ಮರೆಯುತ್ತಾರೆ. ಹಾರುವ ಮೊದಲೇ ಮೊಣಕಾಲ ಮೇಲಿನ ಪ್ಯಾಡ್‌ನಲ್ಲಿ ನೆಲದ ಎತ್ತರ ಬರೆದಿಟ್ಟುಕೊಳ್ಳಿ.

ಮತ್ತೆ ಶುರು ಮಾಡುವುದಕ್ಕೆ ಬರೋಣ. ಕಾರ್ಬ್ ಹೀಟ್ ಮೊದಲು. ಎಂಜಿನ್ ತಣ್ಣಗಾಗುತ್ತಿದೆ, ಸೈಲೆನ್ಸರ್‌ನಲ್ಲಿ ಉಳಿದ ಬಿಸಿ ಇನ್ನು ಕೆಲವು ಸೆಕೆಂಡಿನ ಆಸ್ತಿ. ಆಮೇಲೆ ಕೈ ನೆಲದಿಂದ ಮೇಲಕ್ಕೆ, ಬಲದಿಂದ ಎಡಕ್ಕೆ ಹೋಗಲಿ. ನೆಲದಲ್ಲಿ ಟ್ಯಾಂಕ್ ಆರಿಸುವ ಫ್ಯೂಯಲ್ ಸೆಲೆಕ್ಟರ್, 'ಬೋತ್'ನಲ್ಲಿ (ಎರಡೂ ಟ್ಯಾಂಕ್) ಇದೆಯಾ? ಗಾಳಿಗೆ ಪೆಟ್ರೋಲ್ ಎಷ್ಟು ಅಂತ ಹೊಂದಿಸುವ ಮಿಕ್ಸ್ಚರ್ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಕಿಡಿ ಕೊಡುವ ಮ್ಯಾಗ್ನೆಟೋಗಳ ಕೀ 'ಬೋತ್'. ಎಂಜಿನ್ ಶುರು ಮಾಡುವಾಗ ಪೆಟ್ರೋಲ್ ಚಿಮ್ಮಿಸುವ ಪ್ರೈಮರ್ ಒಳಗೆ ಹೋಗಿ ಲಾಕ್ ಆಗಿದೆಯಾ? ಲಾಕ್ ಆಗದ ಪ್ರೈಮರ್‌ನಿಂದ ಎಂಜಿನ್ ಪೆಟ್ರೋಲ್ ಹೀರಿಕೊಂಡು ಕೆಮ್ಮುತ್ತದೆ, ಇದು ಎಷ್ಟೋ ಜನರಿಗೆ ತೋಚುವುದೇ ಇಲ್ಲ. ಗಾಳಿಗೆ ಪ್ರೊಪೆಲ್ಲರ್ ತಿರುಗುತ್ತಲೇ ಇದ್ದರೆ ಸ್ಟಾರ್ಟರ್ ಬೇಡ. ಪೆಟ್ರೋಲ್, ಗಾಳಿ, ಕಿಡಿ ಮೂರೂ ಸಿಕ್ಕರೆ ತಾನೇ ಹತ್ತಿಕೊಳ್ಳುತ್ತದೆ. ಈ ಕೈಚಳಕವನ್ನು ಚೆಕ್‌ಲಿಸ್ಟ್ ನೋಡದೆ ಮಾಡುವಷ್ಟು ಬಾಯಿಪಾಠ ಮಾಡಿ. ಎತ್ತರ ಉಳಿದಿದ್ದರೆ ಆಮೇಲೆ ಚೆಕ್‌ಲಿಸ್ಟ್ ತೆಗೆದು ಓದಿ. ನಿಂತ ವಿಮಾನದಲ್ಲಿ ಕೂತು, ಕಣ್ಣು ಮುಚ್ಚಿ, ಒಂದೊಂದೇ ನಾಬ್ ಮುಟ್ಟಿ ಅಭ್ಯಾಸ ಮಾಡಿ. ಇದಕ್ಕೆ ಯಾರೂ ಗಂಟೆಗೆ ಬಾಡಿಗೆ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದೆನಾದರೂ, ಪೂರ್ತಿ ನಿಂತ ಎಂಜಿನ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಭಯ ಇರುವುದು ಅರ್ಧ ನಿಂತ ಎಂಜಿನ್ ಬಗ್ಗೆ.

ನಿಂತ ಎಂಜಿನ್ ಪೈಲಟ್‌ನ ಪರವಾಗಿ ತಾನೇ ತೀರ್ಮಾನ ಮಾಡಿಬಿಡುತ್ತದೆ. ಇಳಿಯಬೇಕು, ಬೇರೆ ದಾರಿ ಇಲ್ಲ. ಅರ್ಧ ಸತ್ತ ಎಂಜಿನ್ ಹಾಗಲ್ಲ, ಆಸೆ ತೋರಿಸುತ್ತದೆ. ಇನ್ನೊಂದು ಚೂರು ಹೋಗಬಹುದು, ರನ್‌ವೇ ಮುಟ್ಟಬಹುದು, ಯಾರಿಗೂ ಗೊತ್ತಾಗದ ಹಾಗೆ ಪಾರ್ಕ್ ಮಾಡಬಹುದು ಅನ್ನಿಸುತ್ತದೆ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ 2000ದಿಂದ 2010ರವರೆಗಿನ ಒಂಟಿ ಎಂಜಿನ್ ವಿಮಾನಗಳ ಘಟನೆಗಳನ್ನು ನೋಡಿತ್ತು. ಟೇಕಾಫ್ ವೇಳೆ, ಅದರ ಬೆನ್ನಿಗೇ ಪವರ್ ಅರ್ಧಂಬರ್ಧ ಹೋಗುವುದು ಪೂರ್ತಿ ಹೋಗುವುದಕ್ಕಿಂತ ಮೂರು ಪಟ್ಟು ಜಾಸ್ತಿ ಅಂತ ಕಂಡಿತು. ಜೀವ ಹೋದದ್ದೂ ಅರ್ಧಂಬರ್ಧದ ಘಟನೆಗಳಲ್ಲೇ. ಆದರೂ ಟ್ರೇನಿಂಗ್‌ನಲ್ಲಿ ನಾವು ಮಾಡಿಸುವುದು ಥ್ರಾಟಲ್ ಪೂರ್ತಿ ಎಳೆಯುವ ಪಾಠವನ್ನೇ. ಆರ್‌ಪಿಎಂ 1,900ಕ್ಕೆ ಇಳಿಸಿ 'ಈಗ ಏನು ಮಾಡ್ತೀಯ?' ಅಂತ ಕೇಳುವ ಇನ್‌ಸ್ಟ್ರಕ್ಟರ್ ಅಪರೂಪ. ನೀವೇ ಬಾಯಿಬಿಟ್ಟು ಕೇಳಿ, ಮಾಡಿಸಿಕೊಳ್ಳಿ.

ನನ್ನ ಸೂತ್ರ ಇಷ್ಟೇ: ನಡುಗುವ ಎಂಜಿನ್ನನ್ನು ನಿಂತ ಎಂಜಿನ್ ಅಂತಲೇ ಎಣಿಸಿ. ಅದು ಕೊಡುವ ಪವರ್ ಬೋನಸ್. ಕಾರ್ಬ್ ಹೀಟ್ ಎಳೆದು, ಮಿಕ್ಸ್ಚರ್ ನೋಡಿ, ಮ್ಯಾಗ್ನೆಟೋ ಒಂದೊಂದೇ ಹಾಕಿ ನೋಡಿ. ಎರಡು ಮ್ಯಾಗ್ನೆಟೋಗಳಲ್ಲಿ ಒಂದು ಕೆಟ್ಟಿದ್ದರೆ ಒಳ್ಳೆಯದರ ಮೇಲೆ ಎಂಜಿನ್ ನುಣುಪಾಗಿ ಓಡುತ್ತದೆ, ಅಲ್ಲೇ ಬಿಡಿ. ಸರಿಹೋಗದಿದ್ದರೆ ಯಾವ ಥ್ರಾಟಲ್‌ನಲ್ಲಿ ತಕ್ಕಮಟ್ಟಿಗೆ ಓಡುತ್ತಿದೆಯೋ ಅಲ್ಲಿಂದ ಕೈ ತೆಗೆಯಿರಿ, ಮತ್ತೆ ಮತ್ತೆ ಕೆದಕಬೇಡಿ. ಆಮೇಲೆ ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ತೇಲಿ ಮುಟ್ಟುವಷ್ಟು ಎತ್ತರ ಇಟ್ಟುಕೊಂಡೇ ರನ್‌ವೇ ಕಡೆ ಹೋಗಿ. ನೇರ ದಾರಿ ಮನೆಗಳ ಮೇಲಿದ್ದರೆ ಸುತ್ತು ದಾರಿ ಹಿಡಿಯಿರಿ. ರನ್‌ವೇ ಮೇಲೆ ಬಂದ ಮೇಲೆ ಎತ್ತರದಲ್ಲೇ ಸುತ್ತಿ ಇಳಿಯಿರಿ. ದೂರದಿಂದ ರನ್‌ವೇಗೆ ನೇರ ಬರುವ ಉದ್ದನೆಯ ಫೈನಲ್ ಬೇಡ, ಗೋ-ಅರೌಂಡ್ ಅಂತೂ ಬೇಡವೇ ಬೇಡ.

ಆಯಿಲ್ ಬಗ್ಗೆಯೂ ಒಂದು ಮಾತು. ಒತ್ತಡ ಇಳಿಯುತ್ತ, ಬಿಸಿ ಏರುತ್ತ ಇದ್ದರೆ ಎಂಜಿನ್ ಸಾಯುತ್ತಿದೆ ಅಂತ ತಿಳಿಯಿರಿ. ಒತ್ತಡ ಮಾತ್ರ ಸೊನ್ನೆ, ಬಿಸಿ ಮಾಮೂಲಿ ಇದ್ದರೆ ಮೀಟರ್ ಕೆಟ್ಟಿರಬಹುದು. ಆದರೂ ಹತ್ತಿರದ ರನ್‌ವೇಗೆ ಹೋಗಿ.

ಹತ್ತಿರದ ರನ್‌ವೇ ಅಂದೆ, ಅಲ್ವಾ? ಜಕ್ಕೂರಿನಿಂದ ಉತ್ತರಕ್ಕೆ ಹೆಚ್ಚೆಂದರೆ 7 ಕಿ.ಮೀ. ದೂರದಲ್ಲಿ ಯಲಹಂಕ ವಾಯುಪಡೆ ನೆಲೆ ಇದೆ. ದೊಡ್ಡಬಳ್ಳಾಪುರದಿಂದ ಬರುವಾಗ ಅದು ನಿಮಗೆ ಮೊದಲು ಸಿಗುತ್ತದೆ. ದಕ್ಷಿಣಕ್ಕೆ ಹೋಗಿದ್ದರೆ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣ, ಈಶಾನ್ಯಕ್ಕೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. 'ಅದು ಏರ್‌ಫೋರ್ಸ್ ಜಾಗ, ಬಿಡ್ತಾರಾ?' ಅಂತ ಕಲಿಯುವವರು ಹಿಂಜರಿಯುತ್ತಾರೆ. ತುರ್ತಿನಲ್ಲಿ ರನ್‌ವೇ ಯಾರದ್ದು ಅನ್ನುವುದು ನಿಮ್ಮ ಚಿಂತೆ ಅಲ್ಲ. ಜೀವ ಉಳಿಸಲು ಎಷ್ಟು ಬೇಕೋ ಅಷ್ಟು ನಿಯಮ ಬಿಟ್ಟು ನಡೆಯುವ ಅಧಿಕಾರ ವಿಮಾನದ ಕಮಾಂಡರ್‌ಗೆ ಇದೆ. ಸೋಲೋ ದಿನ ಆ ಕಮಾಂಡರ್ ನೀವೇ. ಮೇಡೇ ಅಂತ ಮೂರು ಸಲ ಹೇಳಿ. ಕಾಲ್‌ಸೈನ್ (ವಿಮಾನದ ರೇಡಿಯೊ ಹೆಸರು), ಏನಾಗಿದೆ, ಎಲ್ಲಿದ್ದೀರಿ, ಎಲ್ಲಿ ಇಳಿಸುತ್ತೀರಿ, ಒಳಗೆ ಎಷ್ಟು ಜನ, ಇಷ್ಟು ಸಾಕು. ಮಾತಾಡುತ್ತಿದ್ದ ಫ್ರೀಕ್ವೆನ್ಸಿಯಲ್ಲೇ ಹೇಳಿ, ಯಾರೂ ಉತ್ತರಿಸದಿದ್ದರೆ ತುರ್ತಿನ ಫ್ರೀಕ್ವೆನ್ಸಿ 121.5. ರೇಡಾರ್‌ಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಕೇತ 7700. ಪೇಪರ್ ಕೆಲಸ, ವಿಚಾರಣೆ ಎಲ್ಲ ಆಮೇಲೆ ಇದ್ದೇ ಇರುತ್ತದೆ.

ಟೇಕಾಫ್ ಆದ ತಕ್ಷಣ ಎಂಜಿನ್ ಹೋದರೆ? ನಿಮ್ಮ ಪ್ರಶ್ನೆಗಳಲ್ಲಿ ಕಷ್ಟದ್ದು ಇದೇ. ಉತ್ತರ ಮಾತ್ರ ಗಿಡ್ಡ: ಕಣ್ಣೆದುರಿನ ಅರ್ಧವೃತ್ತದಲ್ಲಿ ಇಳಿಸಿ, ಹಿಂದಕ್ಕೆ ತಿರುಗಬೇಡಿ.

ಹಿಂದೆ ಚೆನ್ನಾದ ರನ್‌ವೇ ಇದೆ, ಮುಂದೆ ಊರು ಇದೆ. ತಿರುಗುವ ಆಸೆ ಯಾರಿಗೆ ಬರಲ್ಲ? ಲೆಕ್ಕ ನೋಡಿ. ಅದೇ ರನ್‌ವೇಗೆ ವಾಪಸ್ ಬರಲು 180 ಡಿಗ್ರಿ ಸಾಲದು. ತಿರುಗಿದಾಗ ನೀವು ರನ್‌ವೇಯಿಂದ ಪಕ್ಕಕ್ಕೆ ಹೋಗಿರುತ್ತೀರಿ. ಮೊದಲು 225ರಷ್ಟು ಆ ಕಡೆ, ಆಮೇಲೆ 45ರಷ್ಟು ಈ ಕಡೆ, ಒಟ್ಟು 270. ಆಗಿದ್ದೇನು ಅಂತ ಅರಗಿಸಿಕೊಳ್ಳಲೇ ನಾಲ್ಕೈದು ಸೆಕೆಂಡ್ ಹೋಗುತ್ತದೆ. 45 ಡಿಗ್ರಿ ವಾಲಿಸಿ ಎಲ್ಲವನ್ನೂ ತಪ್ಪಿಲ್ಲದೆ ಮಾಡಿದರೂ 172 ಈ ಸುತ್ತಿನಲ್ಲಿ 400ರಿಂದ 500 ಅಡಿ ನುಂಗುತ್ತದೆ. ನೇರ ಹಾರಾಟದಲ್ಲಿ 50 ನಾಟ್‌ಗೆ ಸ್ಟಾಲ್ ಆಗುವ (ರೆಕ್ಕೆ ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುವ) ವಿಮಾನ ಎತ್ತರ ಬಿಡದೆ 45 ಡಿಗ್ರಿ ವಾಲಿದಾಗ 60ರ ಹತ್ತಿರವೇ ಸ್ಟಾಲ್ ಆಗುತ್ತದೆ. ನಿಮ್ಮ ಗ್ಲೈಡ್ ವೇಗ 65! ಗಾಬರಿಯಲ್ಲಿ ಚೂರು ಹಿಂದಕ್ಕೆ ಎಳೆದು, ಚೂರು ರಡ್ಡರ್ ಜಾಸ್ತಿ ಒತ್ತಿದರೆ ಒಂದು ರೆಕ್ಕೆ ಬಿದ್ದು ಸ್ಪಿನ್, ಅಂದರೆ ವಿಮಾನ ಸುತ್ತುತ್ತ ಬೀಳುತ್ತದೆ. 300 ಅಡಿಯಲ್ಲಿ ಸ್ಪಿನ್‌ಗೆ ಮದ್ದಿಲ್ಲ. ಅದೃಷ್ಟವಶಾತ್ ತಿರುಗಿಯೇಬಿಟ್ಟಿರಿ ಅಂದುಕೊಳ್ಳಿ. ಎದುರುಗಾಳಿ ಈಗ ಬೆನ್ನಗಾಳಿ ಆಗಿದೆ, ವಿಮಾನ ನಿಲ್ಲುವುದಿಲ್ಲ.

ಇದಕ್ಕೆ ಬೆಂಗಳೂರಿನ ಎತ್ತರವೂ ಸೇರಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ ಎಂಜಿನ್‌ಗೂ ರೆಕ್ಕೆಗೂ ಇಲ್ಲಿನ ಗಾಳಿ 6,000 ಅಡಿಯ ಗಾಳಿಯಷ್ಟು ತೆಳು. 160 ಅಶ್ವಶಕ್ತಿಯ ಎಂಜಿನ್ 130ರ ಆಸುಪಾಸು ಕೊಡುತ್ತದೆ. ಏರುವುದು ನಿಧಾನ. ರನ್‌ವೇ ತುದಿ ದಾಟುವಾಗ ಕೈಯಲ್ಲಿ ಇರುವ ಎತ್ತರವೂ ಕಡಿಮೆ. ಸೂಚಿ 65 ತೋರಿಸಿದರೂ ನಿಜವಾದ ವೇಗ 71ರಷ್ಟು, ತಿರುಗುವ ವೃತ್ತವೂ ದೊಡ್ಡದು. ಇನ್ನೊಂದು ವಿಷಯ ಇದೆ. 3,000 ಅಡಿ ಮೀರಿದ ಜಾಗದಲ್ಲಿ ಟೇಕಾಫ್‌ಗೆ ಮೊದಲು ಮಿಕ್ಸ್ಚರ್ ತೆಳು ಮಾಡಿ ಗರಿಷ್ಠ ಆರ್‌ಪಿಎಂ ನೋಡಿಕೊಳ್ಳಿ ಅಂತ 172ರ ಕೈಪಿಡಿಯೇ ಹೇಳುತ್ತದೆ. ನಾವು ಸರಿಯಾಗಿ ಆ ಗೆರೆಯ ಮೇಲೆ ಕೂತಿದ್ದೇವೆ. 'ಟೇಕಾಫ್ ಅಂದರೆ ಫುಲ್ ರಿಚ್' ಅಂತ ಕಣ್ಣುಮುಚ್ಚಿ ಕಲಿತವರು ಬಿಸಿಲಿನ ದಿನ ತಾವೇ ಎಂಜಿನ್‌ನ ಕತ್ತು ಹಿಚುಕಿ, ಆಮೇಲೆ ಪವರ್ ಇಲ್ಲ ಅಂತ ಗಾಬರಿಯಾಗುತ್ತಾರೆ.

ಜಕ್ಕೂರಿನಲ್ಲಿ ಮುಂದೆ ಏನಿದೆ ಅನ್ನುವುದು ಕಾಲದ ಮೇಲೆ ನಿಂತಿದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ, ಆಗ ಪಶ್ಚಿಮಕ್ಕೆ ಹಾರುವ ರನ್‌ವೇ 26. ತುದಿಯಲ್ಲೇ ಬಳ್ಳಾರಿ ರಸ್ತೆಯ ಎತ್ತರಿಸಿದ ಹೆದ್ದಾರಿ. ಅದು ದಾಟಿದರೆ ಜಿಕೆವಿಕೆಯ (ಕೃಷಿ ವಿಶ್ವವಿದ್ಯಾಲಯದ) ಹೊಲ ಮತ್ತು ಮರಗಳು. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ, ಆಗ ಪೂರ್ವಕ್ಕೆ ಹಾರುವ ರನ್‌ವೇ 08. ಎಡಗಡೆ ಜಕ್ಕೂರು ಕೆರೆ, ಬಲಗಡೆ ರಾಚೇನಹಳ್ಳಿ ಕೆರೆ, ನಡುವೆ ಮನೆಗಳು. 26ರಲ್ಲಿ ಜಿಕೆವಿಕೆ ನಿಮ್ಮ ಗುರಿ, 08ರಲ್ಲಿ ಕೆರೆಯ ಅಂಚು. ಕಟ್ಟಡಕ್ಕೆ ಗುದ್ದುವುದಕ್ಕಿಂತ ಕೆರೆ ಎಷ್ಟೋ ವಾಸಿ, ಮುಳುಗುವ ಮೊದಲು ಹೊರಬರಲು ಬಾಗಿಲು ತೆರೆದಿದ್ದರೆ. ಒಂದು ಭಾನುವಾರ ನಡೆದುಕೊಂಡೇ ಈ ಎರಡೂ ಕಡೆ ಹೋಗಿ ನೋಡಿ ಬನ್ನಿ. ಮೇಲಿಂದ ಹಸಿರು ಹಾಸಿನಂತೆ ಕಾಣುವುದರಲ್ಲಿ ಎಷ್ಟು ಕಂಬ, ಎಷ್ಟು ತಂತಿ, ಎಷ್ಟು ಮಾವಿನ ಮರ ಇವೆ ಅಂತ ಗೊತ್ತಾಗುತ್ತದೆ. ಪ್ರತಿ ಟೇಕಾಫ್‌ಗೂ ಮೊದಲು ಜೋರಾಗಿ ಹೇಳಿಕೊಳ್ಳಿ: 'ರನ್‌ವೇ ಉಳಿದಿದ್ದರೆ ಅಲ್ಲೇ ಇಳಿಸುತ್ತೇನೆ. 500 ಅಡಿ ಒಳಗೆ ಎಂಜಿನ್ ಹೋದರೆ ಎದುರಿಗೆ, ಇಂಥ ಜಾಗಕ್ಕೆ. ಇಷ್ಟು ಅಡಿ ದಾಟಿದ ಮೇಲಷ್ಟೇ ವಾಪಸ್ ಯೋಚನೆ.' ಆ 'ಇಷ್ಟು' ಎಷ್ಟು ಅಂತ ಇನ್‌ಸ್ಟ್ರಕ್ಟರ್ ಜೊತೆ ಕೂತು, ಸುರಕ್ಷಿತ ಎತ್ತರದಲ್ಲಿ ಅಳೆದು ನೋಡಿ ತೀರ್ಮಾನಿಸಿ. ಸೋಲೋ ಹಂತದಲ್ಲಿ 1,000 ಅಡಿಗಿಂತ ಕಡಿಮೆ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಊರ ಹೊರಗೆ ಇಳಿಸುವ ಜಾಗದ ವಿಷಯ. ಯಲಹಂಕ ದಾಟಿದರೆ ಎಲ್ಲೆಲ್ಲೂ ರಾಗಿ ಹೊಲ ಇದ್ದ ಕಾಲ ಹೋಯಿತು. ಈಗ ಲೇಔಟ್‌ಗಳು. ಆದರೂ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ಹೊಲ ಸಿಗುತ್ತದೆ. ಯಾವ ಹೊಲ ಅನ್ನುವುದೇ ಪ್ರಶ್ನೆ. ಮೇಲಿಂದ ನೋಡಲು ಅತ್ಯಂತ ಸಮತಟ್ಟಾಗಿ, ಹಸಿರಾಗಿ, ಚಚ್ಚೌಕವಾಗಿ ಕಾಣುವುದು ದ್ರಾಕ್ಷಿ ತೋಟ. ಅದರ ಕೆಳಗೆ ಸಾಲು ಸಾಲು ಕಲ್ಲು ಕಂಬ, ಮೇಲೆ ಕಬ್ಬಿಣದ ತಂತಿಯ ಚಪ್ಪರ. ಅದರೊಳಗೆ ನುಗ್ಗಿದರೆ ಕಥೆ ಮುಗಿಯಿತು. ನೀಲಗಿರಿ ತೋಪು ಬೇಡ. ಪಾಲಿಹೌಸ್ ಬೇಡ. ಕೊಯ್ಲಾದ ರಾಗಿ ಹೊಲ ಚಿನ್ನ. ಡಿಸೆಂಬರ್‌ನಿಂದ ಮಳೆ ಬರುವವರೆಗೆ ಅದು ಗಟ್ಟಿ ನೆಲ, ಬಣ್ಣದಲ್ಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಅದೇ ಕೆಮ್ಮಣ್ಣು ಕೆಸರಾಗಿ ಮುಂದಿನ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಆಗ ಚಕ್ರವನ್ನು ಆದಷ್ಟು ಹೊತ್ತು ಮೇಲೆ ಹಿಡಿಯಿರಿ. ಉತ್ತ ಹೊಲವಾದರೆ ಸಾಲಿನ ಉದ್ದಕ್ಕೆ ಇಳಿಸಿ, ಅಡ್ಡಕ್ಕೆ ಬೇಡ. ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳ ಒಳ್ಳೆಯದು, ಆದರೆ ಜೊಂಡು ಬೆಳೆದು ಹಸಿರಾಗಿ ಕಂಡರೆ ಕೆಳಗೆ ನೀರಿದೆ ಅಂತಲೇ ತಿಳಿಯಿರಿ.

ಕರೆಂಟ್ ತಂತಿ ಮೇಲಿಂದ ಕಾಣುವುದಿಲ್ಲ. ಕಂಬ ಕಾಣುತ್ತದೆ. ಬೋರ್‌ವೆಲ್ ಪಂಪ್‌ಸೆಟ್ ಇರುವ ಪ್ರತಿ ಹೊಲಕ್ಕೂ ಒಂದು ಲೈನ್ ಹೋಗಿರುತ್ತದೆ. ರಸ್ತೆ ಕಂಡ ಕೂಡಲೇ ಆಸೆಪಡಬೇಡಿ ಅನ್ನುವುದೂ ಇದಕ್ಕೇ. ರಸ್ತೆಯ ಪಕ್ಕ ತಂತಿ, ಅಡ್ಡ ತಂತಿ, ಎದುರಿಗೆ ಟಿಪ್ಪರ್ ಲಾರಿ. ರಸ್ತೆಯಲ್ಲಿರುವವರು ನಿಮ್ಮ ಅಪಾಯಕ್ಕೆ ಒಪ್ಪಿಕೊಂಡು ಬಂದವರಲ್ಲ, ಇದನ್ನೂ ನೆನಪಿಡಿ.

ಗಾಳಿಯ ದಿಕ್ಕಿಗೆ ಹೊಗೆ ನೋಡಿ. ಕೆರೆ ಇದ್ದರೆ ಗಾಳಿ ಬರುವ ದಡದ ಪಕ್ಕ ನೀರು ನುಣುಪಾಗಿರುತ್ತದೆ. ಎದುರುಗಾಳಿಗೆ ಇಳಿಯುವುದು ಬರೀ ಶಿಸ್ತಿನ ಮಾತಲ್ಲ. 55 ನಾಟ್‌ನಲ್ಲಿ ಇಳಿಯುವಾಗ 10 ನಾಟ್ ಎದುರುಗಾಳಿ ಇದ್ದರೆ ನೆಲಕ್ಕೆ 45ರಲ್ಲಿ ಮುಟ್ಟುತ್ತೀರಿ, ಬೆನ್ನಗಾಳಿ ಇದ್ದರೆ 65ರಲ್ಲಿ. ಗುದ್ದುವ ಶಕ್ತಿ ಎರಡು ಪಟ್ಟು. ಗಂಟೆಗೆ 80 ಕಿ.ಮೀ. ವೇಗದಿಂದ 9 ಜಿ (ದೇಹದ ತೂಕದ ಒಂಬತ್ತು ಪಟ್ಟು) ಒತ್ತಡದಲ್ಲಿ ನಿಲ್ಲಲು 3 ಮೀಟರ್‌ಗಿಂತ ಕಡಿಮೆ ಜಾಗ ಸಾಕು. ಬೆಲ್ಟ್ ಬಿಗಿಯಾಗಿದ್ದರೆ ಮನುಷ್ಯ ಅದನ್ನು ತಡೆಯಬಲ್ಲ. 160ರಿಂದಾದರೆ 11 ಮೀಟರ್ ಬೇಕು. ಹಾಗಾಗಿ ನಿಧಾನವಾಗಿ, ಆದರೆ ಸ್ಟಾಲ್ ಆಗದೆ, ರೆಕ್ಕೆ ಸಮವಾಗಿ ನೆಲ ಮುಟ್ಟಿದರೆ ಬದುಕುತ್ತೀರಿ. ವಿಮಾನ ಹಾಳಾಗಲಿ ಬಿಡಿ, ಅದಕ್ಕೆ ಇನ್ಶೂರೆನ್ಸ್ ಇದೆ. ಹೊಲದ ಅಂಚು ಸಿಗುತ್ತಿಲ್ಲ ಅನ್ನಿಸಿದಾಗ ಮೂತಿ ಎತ್ತಿ ಎಳೆಯಲು ಹೋದರೆ ಇನ್ನೂ ಮೊದಲೇ ಬೀಳುತ್ತೀರಿ. ಹೊಲದ ಮೊದಲ ತುದಿಗೆ ಗುರಿ ಇಡಬೇಡಿ, ಮೂರನೇ ಒಂದು ಭಾಗ ಒಳಗೆ ಇಡಿ. ಎತ್ತರ ಜಾಸ್ತಿಯಾದರೆ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಹಲಗೆ), ಸೈಡ್‌ಸ್ಲಿಪ್ (ವಿಮಾನವನ್ನು ಓರೆಯಾಗಿ ಜಾರಿಸುವುದು) ಇವುಗಳಿಂದ ಕಳೆಯಬಹುದು. ಕಡಿಮೆಯಾದರೆ ತರುವುದು ಎಲ್ಲಿಂದ?

ನೆಲ ಮುಟ್ಟುವ ಮೊದಲು ಪೆಟ್ರೋಲ್ ಬಂದ್, ಮಿಕ್ಸ್ಚರ್ ಪೂರ್ತಿ ಹೊರಗೆ, ಇಗ್ನಿಷನ್ ಆಫ್, ಬಾಗಿಲ ಚಿಲಕ ತೆಗೆಯಿರಿ. ಗುದ್ದಿದರೆ ಚೌಕಟ್ಟು ಬಾಗಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಮಾಸ್ಟರ್ ಸ್ವಿಚ್ ಕೊನೆಗೆ, ಏಕೆಂದರೆ 172ರ ಫ್ಲ್ಯಾಪ್ ಕರೆಂಟ್‌ನಲ್ಲಿ ಇಳಿಯುವುದು. ಮೇಲೆ ಇರುವಾಗಲೇ ಬೆಂಕಿ ಕಂಡರೆ ಮಿಕ್ಸ್ಚರ್, ಪೆಟ್ರೋಲ್ ತಕ್ಷಣ ಬಂದ್, ಮಾಸ್ಟರ್ ಕೂಡ ಆಗಲೇ ಆಫ್. ಕ್ಯಾಬಿನ್ ಹೀಟ್ ಮುಚ್ಚಿ, 100 ನಾಟ್‌ನಲ್ಲಿ ಇಳಿಯಿರಿ. ಆ ಎಂಜಿನ್ನನ್ನು ಮತ್ತೆ ಶುರು ಮಾಡಬೇಡಿ. ವಿಮಾನದಲ್ಲಿರುವ ಇಎಲ್‌ಟಿ (ತುರ್ತು ಸಂಕೇತ ಕಳಿಸುವ ಪೆಟ್ಟಿಗೆ) ಗುದ್ದಿದ ಏಟಿಗೆ ತಾನೇ ಚಾಲೂ ಆಗಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ. ದೇಶದಲ್ಲಿ ಆ ಕೂಗು ಬಂದು ಸೇರುವ ಕೇಂದ್ರ ಇರುವುದೂ ಬೆಂಗಳೂರಿನಲ್ಲೇ, ಇಸ್ರೋದ ಉಪಗ್ರಹ ನಿಗಾ ಘಟಕ ಇಸ್ಟ್ರ್ಯಾಕ್‌ನಲ್ಲಿ.

ಎಂಜಿನ್ ನಿಲ್ಲುವ ಎಷ್ಟೋ ಪ್ರಸಂಗಗಳಿಗೆ ಮೂಲ ಎಂಜಿನ್ ಅಲ್ಲ, ಪೆಟ್ರೋಲ್. ಖಾಲಿ, ಇಲ್ಲವೇ ಸೆಲೆಕ್ಟರ್ ತಪ್ಪು, ಇಲ್ಲವೇ ನೀರು. ಅರ್ಧ ತುಂಬಿದ ಟ್ಯಾಂಕ್ ರಾತ್ರಿ ತಣ್ಣಗಾದರೆ ಒಳಗೆ ಹನಿ ಕಟ್ಟುತ್ತದೆ. ಮುಚ್ಚಳದ ರಬ್ಬರ್ ಹಳೆಯದಾಗಿದ್ದರೆ ಮಳೆಯೇ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಮೊದಲ ಹಾರಾಟಕ್ಕೆ ಟ್ಯಾಂಕ್ ತಳದಿಂದ ಬಟ್ಟಲಿಗೆ ಡ್ರೇನ್ ಮಾಡಿದಾಗ ಬಣ್ಣ ನೋಡಿ, ವಿಮಾನದ ಪೆಟ್ರೋಲ್ ಅವ್‌ಗ್ಯಾಸ್ 100ಎಲ್‌ಎಲ್ ನೀಲಿ. ಪೂರ್ತಿ ತಿಳಿಯಾಗಿ ಕಂಡರೆ ಖುಷಿಪಡಬೇಡಿ, ಬಟ್ಟಲಲ್ಲಿ ಇರುವುದೆಲ್ಲ ನೀರೇ ಆಗಿರಬಹುದು. ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ಹಂಸ-3ರ ಹಾಗೆ, ಬಂಕ್ ಪೆಟ್ರೋಲ್‌ನಲ್ಲೂ ಓಡಬಲ್ಲ ರೋಟಾಕ್ಸ್ ಎಂಜಿನ್ ಇರುವ ವಿಮಾನದವರಿಗೆ ಇನ್ನೊಂದು ತಲೆನೋವು ಇದೆ. ರೋಟಾಕ್ಸ್ ತನ್ನ 912, 914 ಎಂಜಿನ್‌ಗಳಿಗೆ ಒಪ್ಪಿರುವುದು 10 ಪರ್ಸೆಂಟ್ ಎಥನಾಲ್‌ವರೆಗೆ. ನಮ್ಮ ಬಂಕ್‌ಗಳ ಮಾಮೂಲಿ ಪೆಟ್ರೋಲ್‌ನಲ್ಲಿ ಈಗ 20 ಇದೆ.

ಸೋಲೋಗೆ ಮೊದಲು ಜುಲೈನ ಆ ಘಟನೆ ವಿಮಾನದ ಟೆಕ್ ಲಾಗ್‌ನಲ್ಲಿ (ದೋಷ, ರಿಪೇರಿ ಬರೆಯುವ ಪುಸ್ತಕ) ಬರೆದಿದೆಯಾ ಅಂತ ನೋಡಿ. 'ಐಸ್ ತಾನೇ, ಸರಿಹೋಯ್ತಲ್ಲ' ಅಂತ ಬರೆಯದೆ ಬಿಡುವವರೇ ಜಾಸ್ತಿ. ಬರೆದರೆ ಎಂಜಿನಿಯರ್ ಕಾರ್ಬ್ ಹೀಟ್‌ನ ಕೇಬಲ್, ಒಳಗಿನ ವಾಲ್ವ್ ಪೂರ್ತಿ ತೆರೆಯುತ್ತಿದೆಯಾ ಅಂತ ಬಿಚ್ಚಿ ನೋಡುತ್ತಾರೆ. ನಿಮ್ಮ ಪಾಲಿನ ಪರೀಕ್ಷೆ ರನ್-ಅಪ್‌ನಲ್ಲಿ, ಅಂದರೆ ಟೇಕಾಫ್‌ಗೆ ಮೊದಲು ನಿಂತಲ್ಲೇ ಎಂಜಿನ್ ಓಡಿಸಿ ನೋಡುವಾಗ, ಇದೆ. 1,700 ಆರ್‌ಪಿಎಂನಲ್ಲಿ ಕಾರ್ಬ್ ಹೀಟ್ ಎಳೆದಾಗ ಸೂಚಿ ಕೆಳಗಿಳಿಯಬೇಕು. ಇಳಿದ ಮೇಲೆ ತಾನಾಗಿ ಮೇಲೇರಿದರೆ ಟ್ಯಾಕ್ಸಿ ಮಾಡುವಾಗಲೇ ಐಸ್ ಕಟ್ಟಿತ್ತು ಅಂತ. ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಟೇಕಾಫ್‌ಗೆ ಮೊದಲು ಮತ್ತೊಮ್ಮೆ ನೋಡಿ. ಇಳಿಯಲೇ ಇಲ್ಲವೇ? ಹಾಗಾದರೆ ಆ ನಾಬ್‌ನ ಆ ತುದಿಗೆ ಏನೂ ಸಿಕ್ಕಿಕೊಂಡಿಲ್ಲ. ಎಂಜಿನ್ ಆಫ್ ಮಾಡಿ, ವಿಮಾನವನ್ನು ಹ್ಯಾಂಗರ್‌ಗೆ ವಾಪಸ್ ಕೊಟ್ಟುಬಿಡಿ.